17,000 ಟನ್ ಹಸಿ ಅಡಿಕೆ: ಭೂತಾನದ ನಂಟು, ಕರಾವಳಿಯ ಲೆಕ್ಕ

2022ರ ಸೆಪ್ಟೆಂಬರ್ 28ರಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಒಂದು ಚಿಕ್ಕ ಅಧಿಸೂಚನೆ ಹೊರಡಿಸಿತು. ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ (ಇಷ್ಟಕ್ಕಿಂತ ಅಗ್ಗವಾಗಿ ತರಬಾರದೆಂಬ ಮಿತಿಯ) ಷರತ್ತಿಲ್ಲದೆ ತರಿಸಿಕೊಳ್ಳಬಹುದು, ತರುವವರ ಬಳಿ ನಿರ್ದೇಶನಾಲಯದ ನೋಂದಣಿ ಪತ್ರ ಇರಬೇಕು, ಸರಕು ಪಶ್ಚಿಮ ಬಂಗಾಳದ ಜೈಗಾಂವ್ ಕಸ್ಟಮ್ಸ್ ಠಾಣೆಯ ಮೂಲಕ ಬರಬೇಕು. ಅದರಲ್ಲಿದ್ದದ್ದು ಇಷ್ಟೇ.

ಸುದ್ದಿ ಮಂಗಳೂರಿಗೆ ಮುಟ್ಟುವ ಹೊತ್ತಿಗೆ ಇದರ ಅರ್ಧ ಉದುರಿಹೋಗಿತ್ತು. 'ಭೂತಾನದಿಂದ ಅಡಿಕೆ ಬರುತ್ತದಂತೆ, ಬೆಲೆಯ ಮಿತಿಯೂ ಇಲ್ಲವಂತೆ' ಎಂಬುದಷ್ಟೇ ಉಳಿದಿತ್ತು. ಕೊಳೆರೋಗದ ಮಳೆಗಾಲ ಆಗಷ್ಟೇ ಮುಗಿಯುತ್ತಿತ್ತು. ಮಲೆನಾಡಿನಲ್ಲಿ ಮತ್ತು ನಮ್ಮ ಜಿಲ್ಲೆಯ ಘಟ್ಟದ ಬುಡದ ತೋಟಗಳಲ್ಲಿ ಎಲೆಚುಕ್ಕಿ ರೋಗ ಹಬ್ಬುತ್ತಿತ್ತು. ಸುಳ್ಯದ ಕಡೆ ಹಳದಿ ಎಲೆ ರೋಗಕ್ಕೆ ತೋಟವನ್ನೇ ಕಳೆದುಕೊಂಡವರು ಮೊದಲೇ ಇದ್ದರು. ಅಂಥ ಸಮಯದಲ್ಲಿ ಬಂದ ಈ ಸುದ್ದಿಗೆ ಬೆಳೆಗಾರರ ಸಂಸ್ಥೆಗಳು ಒಕ್ಕೊರಲಿನಿಂದ ಆಕ್ಷೇಪ ಎತ್ತಿದವು.

ನಾನು ಮಂಗಳೂರಿನ ಕಾಲೇಜೊಂದರಲ್ಲಿ ವಾಣಿಜ್ಯ ಪಾಠ ಮಾಡುತ್ತೇನೆ. ಮನೆ ಪುತ್ತೂರು ತಾಲೂಕಿನಲ್ಲಿ, ಮನೆಯವರ ಬದುಕು ಅಡಿಕೆಯದ್ದೇ. ನೆರೆಯ ಎರಡು ದೇಶಗಳು ಆರ್ಥಿಕವಾಗಿ, ರಾಜಕೀಯವಾಗಿ ಒಂದಕ್ಕೊಂದು ಹತ್ತಿರವಾಗುತ್ತ ಹೋದಾಗ ಅದರ ಬಿಸಿ ಯಾರಿಗೆ ತಟ್ಟುತ್ತದೆ ಎಂದು ವಿದ್ಯಾರ್ಥಿಗಳಿಗೆ ವಿವರಿಸಲು ಯುರೋಪಿನ ಉದಾಹರಣೆಗಳನ್ನು ಕೊಡುತ್ತೇವೆ. ಕೈಯಳತೆಯಲ್ಲೇ ಇಷ್ಟು ಸ್ಪಷ್ಟವಾದ ಪ್ರಕರಣ ಇರುವಾಗ ಅದನ್ನು ಬಿಟ್ಟು ದೂರ ಹೋಗಬೇಕಿಲ್ಲ. ಈ ಅಧ್ಯಯನದ ಕೊನೆಗೆ ನಾನು ತಲುಪಿದ ನಿಲುವನ್ನು ಮೊದಲೇ ಹೇಳುತ್ತೇನೆ: ಭೂತಾನದ ಹಸಿ ಅಡಿಕೆ ನಮ್ಮ ಶತ್ರುವಲ್ಲ. ಆದರೆ ಅದನ್ನು ಒಳಗೆ ಬಿಟ್ಟ ರೀತಿ ತಪ್ಪು.

ಗಡಿ ಇದ್ದೂ ಇಲ್ಲದ ನಂಟು

1949ರ ಆಗಸ್ಟ್ 8ರಂದು ಡಾರ್ಜಿಲಿಂಗಿನಲ್ಲಿ ಸಹಿಯಾದ ಸ್ನೇಹ ಒಪ್ಪಂದದಿಂದ ಈ ಕಥೆ ಶುರುವಾಗುತ್ತದೆ. ವಿದೇಶಾಂಗ ವ್ಯವಹಾರದಲ್ಲಿ ಭಾರತದ ಸಲಹೆಯಂತೆ ನಡೆಯುತ್ತೇನೆಂದು ಭೂತಾನ ಅದರಲ್ಲಿ ಒಪ್ಪಿತ್ತು. ಎರಡು ದೇಶಗಳ ನಡುವೆ ಮುಕ್ತ ವ್ಯಾಪಾರ ಎಂಬ ಮಾತೂ ಅದೇ ಕಾಗದದಲ್ಲಿತ್ತು. 1961ರಲ್ಲಿ ಆರಂಭವಾದ ಭೂತಾನದ ಮೊದಲ ಪಂಚವಾರ್ಷಿಕ ಯೋಜನೆಗೆ ಹಣ ಕೊಟ್ಟದ್ದು ಭಾರತ. ಗಡಿಯ ಫುಂಟ್ಶೋಲಿಂಗಿನಿಂದ ರಾಜಧಾನಿ ಥಿಂಪುವಿಗೆ ರಸ್ತೆ ಕಡಿದದ್ದು ಭಾರತದ ಗಡಿ ರಸ್ತೆ ಸಂಸ್ಥೆ. 1972ರಲ್ಲಿ ವ್ಯಾಪಾರ ಒಪ್ಪಂದ ಬಂತು, 1974ರಲ್ಲಿ ಭೂತಾನ ತನ್ನದೇ ನಾಣ್ಯ ಙುಲ್ಟ್ರಮ್ ಚಲಾವಣೆಗೆ ತಂದು ಅದನ್ನು ರೂಪಾಯಿಗೆ ಸರಿಸಮವಾಗಿ ಕಟ್ಟಿಹಾಕಿತು. ಇವತ್ತಿಗೂ ಒಂದು ಙುಲ್ಟ್ರಮ್ ಅಂದರೆ ಒಂದು ರೂಪಾಯಿ. ಥಿಂಪುವಿನ ಅಂಗಡಿಯಲ್ಲಿ ನಮ್ಮ ನೋಟು ನಡೆಯುತ್ತದೆ, 2021ರಿಂದ ಭೀಮ್ ಯುಪಿಐ ಕೂಡ ನಡೆಯುತ್ತದೆ.

ವಿದ್ಯುತ್ತಿನ ಕೊಂಡಿ ಇನ್ನೂ ಗಟ್ಟಿ. 336 ಮೆಗಾವಾಟಿನ ಚುಖಾ, 1,020 ಮೆಗಾವಾಟಿನ ತಾಲಾ, 720 ಮೆಗಾವಾಟಿನ ಮಾಂಗ್‌ದೆಛು ಯೋಜನೆಗಳೆಲ್ಲ ಭಾರತದ ಹಣ ಮತ್ತು ಭಾರತದ ಖರೀದಿಯನ್ನು ನಂಬಿ ಕಟ್ಟಿದವು. ಎಂಟು ಲಕ್ಷ ಜನರೂ ಇಲ್ಲದ ಆ ದೇಶದ ಹೊರ ವ್ಯಾಪಾರದ ಬಹುಪಾಲು ನಮ್ಮ ಜೊತೆಗೇ. ಯುರೋಪಿನವರಂತೆ ಸಂಸತ್ತು, ನ್ಯಾಯಾಲಯ, ಆಯೋಗಗಳನ್ನು ಕಟ್ಟದೆಯೇ ಇಲ್ಲಿ ನಾಣ್ಯ, ಸುಂಕ, ರಸ್ತೆ, ವಿದ್ಯುತ್ತು ಎಲ್ಲ ಬೆಸೆದುಕೊಂಡಿವೆ.

ಬೆಸುಗೆ ಬಿಗಿಯಾದಾಗ ಚಿಕ್ಕವರಿಗೆ ಉಸಿರು ಕಟ್ಟಿದ್ದೂ ಉಂಟು. 2012ರಲ್ಲಿ ಭೂತಾನದ ಬ್ಯಾಂಕುಗಳಲ್ಲಿ ರೂಪಾಯಿ ಬರಿದಾಗಿ ಸಾಲ, ಆಮದುಗಳ ಮೇಲೆ ಕಡಿವಾಣ ಬಿತ್ತು. 2013ರ ಜುಲೈಯಲ್ಲಿ, ಅಲ್ಲಿನ ಚುನಾವಣೆ ಇನ್ನೇನು ನಡೆಯಬೇಕೆನ್ನುವಾಗ ಅಡುಗೆ ಅನಿಲ ಮತ್ತು ಸೀಮೆಎಣ್ಣೆಗೆ ಭಾರತ ಕೊಡುತ್ತಿದ್ದ ಸಬ್ಸಿಡಿ ನಿಂತಿತು. ಆಮೇಲೆ ಅದು ಮರಳಿ ಬಂತು. ಆದರೆ ತಮ್ಮ ಮತಕ್ಕೆ ದೆಹಲಿ ಕೈಹಾಕಿತೇ ಎಂಬ ಸಂಶಯ ಅಲ್ಲಿನವರ ಮನಸ್ಸಿನಲ್ಲಿ ಉಳಿಯಿತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಅಡಿಕೆಯ ವಿಷಯದಲ್ಲಿ ಭೂತಾನ ಬಲಾಢ್ಯ ಕೈಯಲ್ಲ. ಅಲ್ಲಿನ ಬೆಳೆಗಾರನೂ ನಮ್ಮವನಂತೆ ದೂರದ ರಾಜಧಾನಿಯ ಒಂದು ಕಾಗದಕ್ಕೆ ಕಾಯುವವನೇ.

ಬೆಲೆಯ ಗೋಡೆ

ಭೂತಾನದಲ್ಲಿ ಅಡಿಕೆ ಬೆಳೆಯುವುದು ಭಾರತಕ್ಕೆ ಒತ್ತಿಕೊಂಡಿರುವ ದಕ್ಷಿಣದ ಸೆರಗಿನಲ್ಲಿ, ಸಾಮ್ತ್ಸೆ, ಸರ್ಪಾಂಗ್, ಸಂದ್ರುಪ್ ಜೊಂಗ್ಖರ್ ಜಿಲ್ಲೆಗಳಲ್ಲಿ. ಅಲ್ಲಿ ದೋಮಾ ಎಂದು ವೀಳ್ಯ ಮೆಲ್ಲುವುದು ಮನೆಮನೆಯ ರೂಢಿ. ಮಿಕ್ಕ ಕಾಯಿಗೆ ಹತ್ತಿರದ ಗಿರಾಕಿ ಅಸ್ಸಾಂ ಮತ್ತು ಉತ್ತರ ಬಂಗಾಳ. ಅಲ್ಲಿ ಹಸಿ ಅಡಿಕೆಯನ್ನೇ ಕತ್ತರಿಸಿ ತಿನ್ನುವ ಪದ್ಧತಿ ಇದೆ.

ಸುಂಕವಿಲ್ಲದ ಈ ವ್ಯಾಪಾರಕ್ಕೆ ಅಡ್ಡ ಬಂದದ್ದು ಕನಿಷ್ಠ ಆಮದು ಬೆಲೆ. ಇಂಡೋನೇಷ್ಯಾ, ಮ್ಯಾನ್ಮಾರ್ ಕಡೆಯ ಅಗ್ಗದ ಅಡಿಕೆಯಿಂದ ನಮ್ಮವರನ್ನು ಕಾಯಲು ಕೇಂದ್ರ ಸರ್ಕಾರ 2017ರಲ್ಲಿ ಈ ಬೆಲೆಯನ್ನು ಕೆಜಿಗೆ 162 ರೂಪಾಯಿಯಿಂದ 251ಕ್ಕೆ ಏರಿಸಿತ್ತು. ಅದಕ್ಕಿಂತ ಕಡಿಮೆ ಬೆಲೆಯ ಅಡಿಕೆ ದೇಶದೊಳಗೆ ಬರುವಂತಿರಲಿಲ್ಲ. ಈ ಅಂಕಿ ಹುಟ್ಟಿದ್ದು ಒಣ ಅಡಿಕೆಯನ್ನು ಕಣ್ಣಮುಂದೆ ಇಟ್ಟುಕೊಂಡು. ಸಿಪ್ಪೆ, ನೀರು ಎಲ್ಲ ಸೇರಿ ತೂಗುವ ಹಸಿ ಕಾಯಿಗೆ ಕೆಜಿಗೆ 251 ರೂಪಾಯಿ ಎಂದರೆ ಯಾರು ಕೊಟ್ಟಾರು? ಸಾಮ್ತ್ಸೆಯ ಬೆಳೆಗಾರನ ಪಾಲಿಗೆ ಅದು ಬೆಲೆಯ ಮಿತಿಯಾಗಿ ಉಳಿಯದೆ ನೇರ ನಿಷೇಧವೇ ಆಯಿತು. ಇಂಡೋನೇಷ್ಯಾಕ್ಕೆಂದು ಕಟ್ಟಿದ ಗೋಡೆಗೆ ಅವನು ಮುಗ್ಗರಿಸಿದ. 2022ರ ಅಧಿಸೂಚನೆ ಈ ಒಂದು ತೊಡಕನ್ನು ಬಿಡಿಸಲು ಬಂದದ್ದು.

ಅಂಗಳದಲ್ಲಿ ಕೂತು ಲೆಕ್ಕ ಹಾಕಿದರೆ

17,000 ಟನ್ ಎಂದಾಗ ಬೆಚ್ಚಿಬೀಳುವುದು ಸಹಜ. ಆದರೆ ಅಡಿಕೆ ಕಂಡವರು ಕೇಳಬೇಕಾದ ಮೊದಲ ಪ್ರಶ್ನೆ: ಹಸಿಯೋ ಒಣಗಿದ್ದೋ?

ನಮ್ಮಲ್ಲಿ ಹಣ್ಣಡಿಕೆ ಕೊಯ್ದು ಅಂಗಳದಲ್ಲಿ ಹರಡುತ್ತೇವೆ. ನಲವತ್ತು, ನಲವತ್ತೈದು ದಿನದ ಬಿಸಿಲು ತಿಂದ ಮೇಲೆ ಅದು ಸುಲಿಯುವ ಹದಕ್ಕೆ ಬರುತ್ತದೆ. ಸುಲಿದು, ಪಟೋರ, ಉಳ್ಳಿಗಡ್ಡೆ, ಕೋಕ ಎಂಬ ಕೆಳದರ್ಜೆಯವನ್ನು ಆರಿಸಿ ಬೇರೆ ಮಾಡಿ ಉಳಿದ ಚಾಲಿಯನ್ನು, ಅಂದರೆ ಒಳ್ಳೆಯ ಬಿಳಿ ಒಣ ಅಡಿಕೆಯನ್ನು, ತೂಗಿದರೆ, ಕೊಯ್ದಾಗಿನ ತೂಕದ ಐದರಲ್ಲೊಂದು ಪಾಲು ಸಿಕ್ಕರೆ ದೊಡ್ಡದು. ಎಳೆಗಾಯಿ ಬೇಯಿಸಿ ಕೆಂಪಡಿಕೆ ಮಾಡುವ ಮಲೆನಾಡಿನವರಿಗೆ ಇನ್ನೂ ಕಡಿಮೆ. ಉದಾರವಾಗಿ ಹಿಡಿದರೂ 17,000 ಟನ್ ಹಸಿ ಅಂದರೆ ಒಣ ಲೆಕ್ಕದಲ್ಲಿ ಮೂರು ಸಾವಿರ ಟನ್ನಿನ ಆಸುಪಾಸು. ದೇಶದ ಒಟ್ಟು ಅಡಿಕೆ ಉತ್ಪನ್ನ ವರ್ಷಕ್ಕೆ ಹತ್ತು ಲಕ್ಷ ಟನ್ ಮೀರುತ್ತದೆ, ಅದರಲ್ಲಿ ದೊಡ್ಡ ಪಾಲು ಕರ್ನಾಟಕದ್ದು. ಅಂದರೆ ಭೂತಾನದ ಪಾಲು ನೂರಕ್ಕೆ ಅರ್ಧವೂ ಅಲ್ಲ. ಅದೂ ನೋಂದಣಿ ಪತ್ರ ಪಡೆದವರೆಲ್ಲ ಪೂರ್ತಿ ಸರಕು ತಂದರೆ ಮಾತ್ರ.

ಎರಡನೆಯ ಪ್ರಶ್ನೆ, ಈ ಅಡಿಕೆ ಯಾರ ಗಿರಾಕಿಯನ್ನು ಕಿತ್ತುಕೊಳ್ಳುತ್ತದೆ ಎಂಬುದು. ಪುತ್ತೂರು, ವಿಟ್ಲ, ಕಾರ್ಕಳದ ಚಾಲಿ ಹೋಗುವುದು ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶದ ಕಡೆಗೆ. ಬಿಳಿ ಬಣ್ಣ, ಗಾತ್ರ, ಒಳಗಿನ ಹೊಳಪು ನೋಡಿ ಕೊಳ್ಳುವ ಪೇಟೆ ಅದು. ಹಳೆ ಅಡಿಕೆಗೆ, ಅಂದರೆ ಒಂದೆರಡು ವರ್ಷ ಗೋಣಿಯಲ್ಲಿ ಕೂತ ಸಿಂಗಲ್ ಚೋಲ್, ಡಬಲ್ ಚೋಲ್‌ಗೆ, ಹೊಸದಕ್ಕಿಂತ ಹೆಚ್ಚು ಧಾರಣೆ ಕೊಡುವ ಪೇಟೆಯೂ ಹೌದು. ಹಸಿ ಕಾಯಿ ತಿನ್ನುವ ಅಸ್ಸಾಮಿಗೂ ಇದಕ್ಕೂ ಸಂಬಂಧ ಕಡಿಮೆ. ಆತಂಕಕ್ಕೆ ನಿಜವಾದ ಎಡೆ ಇರುವುದು ಒಂದೇ ಕಡೆ: ಆ ಎಳೆಗಾಯಿಯನ್ನು ಅಲ್ಲೇ ಬೇಯಿಸಿ ಒಣಗಿಸಿ ಪಾನ್ ಮಸಾಲ ತಯಾರಕರಿಗೆ ಕೊಟ್ಟರೆ ಅದು ಶಿವಮೊಗ್ಗ, ಚನ್ನಗಿರಿಯ ಕೆಂಪಡಿಕೆಗೆ ಎದುರಾಗಬಹುದು. ಆದ್ದರಿಂದ ಈ ವಿಷಯದಲ್ಲಿ ಕರಾವಳಿಗಿಂತ ಮಲೆನಾಡಿನ ಅಳುಕಿಗೆ ಹೆಚ್ಚು ಕಾರಣವಿತ್ತು ಎಂದು ನನಗನಿಸುತ್ತದೆ.

ಹಾಗಿದ್ದರೂ ಪುತ್ತೂರಿನ ಬೆಳೆಗಾರನ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಆ ವರ್ಷ ಚಾಲಿಗೆ ಕೆಜಿಗೆ ನಾನೂರು ರೂಪಾಯಿಗೂ ಮೀರಿದ ಧಾರಣೆ ಇತ್ತು. ಅದನ್ನು ನಂಬಿ ಸಾಲ ಮಾಡಿ ಮನೆ ಕಟ್ಟಿದವರು, ಗದ್ದೆಗೆ ಮಣ್ಣು ತುಂಬಿಸಿ ಹೊಸ ತೋಟ ಎಬ್ಬಿಸಿದವರು ಬಹಳ. ಅಡಿಕೆ ಧಾರಣೆ ಸರಕು ಬರುವವರೆಗೆ ಕಾಯುವುದಿಲ್ಲ, ಸುದ್ದಿಗೇ ಅಲುಗಾಡುತ್ತದೆ. ಆಮದು ಎಂಬ ಮಾತು ಕಿವಿಗೆ ಬಿದ್ದರೆ ಉತ್ತರದ ಖರೀದಿದಾರ ಎರಡು ವಾರ ಕೈಕಟ್ಟಿ ಕೂರಬಹುದು, ದಾಸ್ತಾನಿಟ್ಟವನು ಗಾಬರಿಯಲ್ಲಿ ಬಿಟ್ಟುಕೊಡಬಹುದು. ಮೂರು ಸಾವಿರ ಟನ್ನಿನ ಸರಕು ಮಾಡಲಾಗದ ಹಾನಿಯನ್ನು ಮೂರು ಸಾಲಿನ ಸುದ್ದಿ ಮಾಡಬಲ್ಲದು. ಎಪ್ಪತ್ತರ ದಶಕದ ಆರಂಭದಲ್ಲಿ ಧಾರಣೆ ನೆಲಕಚ್ಚಿದ್ದನ್ನು ಹಿರಿಯರು ಇನ್ನೂ ಹೇಳುತ್ತಾರೆ. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದ್ದು ಆ ಸಂಕಟದಿಂದಲೇ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಸೇರಿ ಕಟ್ಟಿದ ಸಹಕಾರಿ ಸಂಸ್ಥೆ ಅದು. ಗಡಿಯ ಆಚೆ ಈಚೆ ಒಂದೇ ಬೆಳೆ ಬೆಳೆಯುವವರು ಪರಸ್ಪರ ಪೈಪೋಟಿಗಿಳಿಯದೆ ಒಟ್ಟಾಗಬಹುದು ಎಂಬುದಕ್ಕೆ ಕಾಸರಗೋಡಿನವರೂ ಪುತ್ತೂರಿನವರೂ ಸೇರಿ ನಡೆಸಿದ ಈ ಐದು ದಶಕದ ಅನುಭವವೇ ಇದೆ.

ಹಸಿಯಾಗಿಯೇ ಬರಬೇಕು ಎಂಬ ಷರತ್ತು

ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯವಾಗಿ ಕಂಡದ್ದು ಯಾರೂ ಹೆಚ್ಚು ಚರ್ಚಿಸದ ಈ ಷರತ್ತು. ಅದರ ಬಲ ಗೊತ್ತಾಗಬೇಕಾದರೆ ಶ್ರೀಲಂಕಾದ ಅನುಭವವನ್ನು ಪಕ್ಕದಲ್ಲಿಟ್ಟು ನೋಡಬೇಕು.

ಭಾರತ-ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದದ್ದು 1998ರ ಡಿಸೆಂಬರ್ 28ರಂದು, ಜಾರಿಗೆ ಬಂದದ್ದು 2000ದ ಮಾರ್ಚ್‌ನಲ್ಲಿ. ಸರಕಿನ ಮೌಲ್ಯದಲ್ಲಿ ಕನಿಷ್ಠ ಶೇ. 35 ಶ್ರೀಲಂಕಾದಲ್ಲೇ ಸೇರಿರಬೇಕು, ಭಾರತದ ಕಚ್ಚಾ ಮಾಲು ಬಳಸಿದ್ದರೆ ಶೇ. 25 ಸಾಕು ಎಂಬ ನಿಯಮ ಅದರಲ್ಲಿದೆ. ಕಾಗದದ ಮೇಲೆ ನಿಯಮ ಚೆನ್ನಾಗಿಯೇ ಇತ್ತು. ಆದರೆ ವನಸ್ಪತಿಯ ಕಥೆ ನೋಡಿ: ತಾಳೆ ಎಣ್ಣೆಗೆ ಇಲ್ಲಿ ಸುಂಕ ಹೆಚ್ಚು, ಅಲ್ಲಿ ಕಡಿಮೆ ಇದ್ದುದರಿಂದ ಭಾರತದವರೇ ಅಲ್ಲಿಗೆ ಹೋಗಿ ಕಾರ್ಖಾನೆ ಹಾಕಿ, ಸುಂಕವಿಲ್ಲದೆ ಇಲ್ಲಿಗೆ ತಂದು ಸುರಿದರು. ಕೊನೆಗೆ ಅದಕ್ಕೆ ವಾರ್ಷಿಕ ಮಿತಿ ಹಾಕಬೇಕಾಯಿತು. ಒಣ ಅಡಿಕೆಯ ವಿಷಯದಲ್ಲಿ ಇನ್ನೂ ಸುಲಭ. ಇಂಡೋನೇಷ್ಯಾದ ಒಣ ಅಡಿಕೆಯನ್ನು ಕೊಲಂಬೊದಲ್ಲಿಳಿಸಿ, ಗೋಣಿ ಬದಲಿಸಿ, ಶ್ರೀಲಂಕಾದ್ದೆಂದು ಪ್ರಮಾಣಪತ್ರ ಅಂಟಿಸಿದರೆ ಕಣ್ಣಿನಿಂದ ಪತ್ತೆಹಚ್ಚುವವರು ಯಾರು? ಇಂಥ ಆರೋಪದ ಮೇಲೆ ನಮ್ಮ ಕಸ್ಟಮ್ಸ್ ಇಲಾಖೆ ಹಲವು ತನಿಖೆ ನಡೆಸಿದೆ.

ಕನಿಷ್ಠ ಆಮದು ಬೆಲೆಯೂ ಇಲ್ಲಿ ಕೈಕೊಡುತ್ತದೆ, ಯಾಕೆಂದು ವಿದ್ಯಾರ್ಥಿಗಳಿಗೆ ನಾನು ಬಿಡಿಸಿ ಹೇಳುತ್ತೇನೆ. ಇಂಥ ಒಪ್ಪಂದದ ರಿಯಾಯಿತಿ ಇಲ್ಲದ ದೇಶದ ಅಡಿಕೆಗೆ ಶೇ. 100 ಸುಂಕ. ಕೆಜಿಗೆ 150 ರೂಪಾಯಿಯ ಅಡಿಕೆಗೆ 251 ಎಂದು ಬಿಲ್ಲಿನಲ್ಲಿ ಉಬ್ಬಿಸಿ ತೋರಿಸಿದರೆ ಆ ಉಬ್ಬಿದ ಮೊತ್ತದ ಮೇಲೂ ಸುಂಕ ಕಟ್ಟಬೇಕು, ಹಾಗಾಗಿ ಯಾರೂ ಸುಮ್ಮನೆ ಉಬ್ಬಿಸುವುದಿಲ್ಲ. ಒಪ್ಪಂದದ ಅಡಿಯಲ್ಲಿ ಸುಂಕ ಸೊನ್ನೆಯಾದ ಕೂಡಲೇ ಉಬ್ಬಿಸುವುದಕ್ಕೆ ಖರ್ಚೇ ಇಲ್ಲ. ಬಿಲ್ಲು 251 ಹೇಳುತ್ತದೆ, ಹೆಚ್ಚುವರಿ ಹಣ ಬೇರೆ ದಾರಿಯಲ್ಲಿ ಹಿಂದೆ ಬರುತ್ತದೆ. ಸುಂಕವೂ ಬೆಲೆಮಿತಿಯೂ ಎರಡು ಬೀಗಗಳಂತೆ, ಒಂದನ್ನು ತೆಗೆದರೆ ಇನ್ನೊಂದಕ್ಕೆ ಬಲವಿಲ್ಲ.

ಈಗ ಭೂತಾನದ ಹಸಿ ಅಡಿಕೆಗೆ ಬನ್ನಿ. ಹಡಗಿನಲ್ಲಿ ವಾರಗಟ್ಟಲೆ ಪಯಣಿಸಿ, ಬಂದರಿನಲ್ಲಿ ಕಾದು, ಬೆಟ್ಟದ ದೇಶ ಸುತ್ತಿ ಜೈಗಾಂವಿಗೆ ಬರುವಷ್ಟರಲ್ಲಿ ಇಂಡೋನೇಷ್ಯಾದ ಹಸಿ ಕಾಯಿ ಕೊಳೆತಿರುತ್ತದೆ. ಹಸಿರು ಕಾಯಿ ಹತ್ತಿರದ ಮರದಿಂದಲೇ ಇಳಿದಿರಬೇಕು. ಹಾಗಾಗಿ ಸರಕು ಯಾವ ದೇಶದ್ದೆಂಬುದಕ್ಕೆ ಇಲ್ಲಿ ಸರಕೇ ಬಹುಮಟ್ಟಿಗೆ ಸಾಕ್ಷಿ. ಊರಿನಲ್ಲಿ ಈ ವಿಷಯ ಮಾತಾಡುವಾಗ ನಮ್ಮ ಭಾವ ಹೇಳಿದ್ದು ಇದನ್ನೇ: "ಹಸಿ ಬಂದ್ರೆ ಬರ್ಲಿ ಮಾರಾಯ, ಅದು ನಾಲ್ಕು ದಿನದಲ್ಲಿ ಕೊಳೆಯುವ ಸಾಮಾನು. ಒಣಗಿದ್ದು ಯಾವ ಹೆಸರಲ್ಲಿ ಬರ್ತದೆ, ಅದನ್ನು ನೋಡ್ಬೇಕು." ಅವರು ಓದಿದ್ದು ಹತ್ತನೇ ತರಗತಿ, ಅಡಿಕೆ ವ್ಯಾಪಾರ ಕಂಡದ್ದು ಮೂರು ತಲೆಮಾರಿನಿಂದ.

ಹಾಗೆಂದು ಅಪಾಯವೇ ಇಲ್ಲವೆಂದಲ್ಲ. ಹಸಿ ಅಡಿಕೆಯ ನೋಂದಣಿ ಪತ್ರ ತೋರಿಸಿ ಲಾರಿಯಲ್ಲಿ ಒಣ ಅಡಿಕೆ ತರಬಹುದು. ಹತ್ತು ಟನ್ನಿನ ಲಾರಿ ಎಂದು ಹಿಡಿದರೆ 17,000 ಟನ್ನಿಗೆ ವರ್ಷಕ್ಕೆ 1,700 ಲಾರಿ, ದಿನಕ್ಕೆ ಸರಾಸರಿ ಐದು. ಸುಗ್ಗಿಯಲ್ಲಿ ಹೆಚ್ಚು, ಉಳಿದಾಗ ಕಡಿಮೆ. ಒಂದು ಠಾಣೆಯಲ್ಲಿ ಇಷ್ಟು ಲಾರಿಯ ಟಾರ್ಪಾಲು ಬಿಚ್ಚಿ ನೋಡುವುದು ಆಗದ ಕೆಲಸವಲ್ಲ. ಹಸಿಯೋ ಒಣಗಿದ್ದೋ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ, ಒಂದು ಕತ್ತಿ ಸಾಕು. ನೋಡುವ ಮನಸ್ಸು ಇದೆಯೇ ಎಂಬುದಷ್ಟೇ ಪ್ರಶ್ನೆ. ಈಶಾನ್ಯದ ಉದ್ದನೆಯ ಗಡಿಯಲ್ಲಿ ಮ್ಯಾನ್ಮಾರ್ ಕಡೆಯಿಂದ ಒಣ ಅಡಿಕೆ ಕಳ್ಳದಾರಿಯಲ್ಲಿ ನುಗ್ಗುತ್ತಿರುವುದು, ಹುರಿದ ಅಡಿಕೆ ಎಂದು ಬೇರೆ ವರ್ಗದಲ್ಲಿ ತೋರಿಸಿ ಬೆಲೆಮಿತಿ ತಪ್ಪಿಸಿಕೊಳ್ಳುತ್ತಿದ್ದುದು, ಇವೆಲ್ಲ ಭೂತಾನದ ಹಸಿ ಕಾಯಿಗಿಂತ ಎಷ್ಟೋ ಪಟ್ಟು ದೊಡ್ಡ ತೂತುಗಳು. 2022ರ ಅಕ್ಟೋಬರಿನಲ್ಲಿ ನಮ್ಮ ಸಿಟ್ಟೆಲ್ಲ ಭೂತಾನದ ಮೇಲೆ ಖರ್ಚಾದದ್ದು ನನಗೆ ಇಂದಿಗೂ ಬೇಸರ ತರುತ್ತದೆ.

ಯಾರನ್ನು ಕೇಳಿದರು?

2023ರ ಫೆಬ್ರವರಿ 14ರಂದು ಕೇಂದ್ರ ಸರ್ಕಾರ ಕನಿಷ್ಠ ಆಮದು ಬೆಲೆಯನ್ನು 251ರಿಂದ 351 ರೂಪಾಯಿಗೆ ಏರಿಸಿತು. ಬೆಳೆಗಾರರು ಬಹಳ ಸಮಯದಿಂದ ಕೇಳುತ್ತಿದ್ದುದು ಅದು, ಸಿಕ್ಕಿತು. ರಾಜ್ಯದ ವಿಧಾನಸಭಾ ಚುನಾವಣೆಗೆ ಆಗ ಮೂರು ತಿಂಗಳು ಉಳಿದಿತ್ತು. ಭೂತಾನಕ್ಕೆ ಕೊಟ್ಟ ರಿಯಾಯಿತಿ ಹಾಗೆಯೇ ಮುಂದುವರಿಯಿತು. ನನ್ನ ಲೆಕ್ಕದಲ್ಲಿ ಎರಡೂ ಸರಿಯಾದ ನಿರ್ಧಾರಗಳೇ. ಒಂದನ್ನು ಹೇಳದೆ ಕೇಳದೆ ಮಾಡಿ, ಇನ್ನೊಂದನ್ನು ಗದ್ದಲವೆದ್ದ ಮೇಲೆ ಮಾಡಿದ್ದರಿಂದ ಮೊದಲನೆಯದು ದ್ರೋಹದಂತೆಯೂ ಎರಡನೆಯದು ಸಮಾಧಾನದ ತುಣುಕಿನಂತೆಯೂ ಕಂಡಿತು. 2022ರ ಸೆಪ್ಟೆಂಬರಿನಲ್ಲೇ ಮಂಗಳೂರಿನಲ್ಲಿ ಒಂದು ಸಭೆ ಕರೆದು, ಹಸಿ-ಒಣ ಲೆಕ್ಕ ಮುಂದಿಟ್ಟು, ಬೆಲೆಮಿತಿ ಏರಿಸುವ ಮಾತನ್ನೂ ಜೊತೆಯಲ್ಲೇ ಆಡಿದ್ದರೆ ಇಷ್ಟು ಕಹಿ ಉಳಿಯುತ್ತಿರಲಿಲ್ಲ.

ದೊಡ್ಡ ದೇಶವೊಂದು ನೆರೆಯವರನ್ನು ಹತ್ತಿರ ಮಾಡಿಕೊಳ್ಳುವಾಗ ಬಿಟ್ಟುಕೊಡುವುದು ಸಾಮಾನ್ಯವಾಗಿ ಚಿಕ್ಕ ಬೆಳೆಯನ್ನು, ದೂರದ ಜಿಲ್ಲೆಯ ಬೆಳೆಯನ್ನು. ಗೋಧಿಯನ್ನೋ ಹಾಲನ್ನೋ ಮಾತುಕತೆಯ ಮೇಜಿಗೆ ತರಲು ದೆಹಲಿ ನೂರು ಬಾರಿ ಯೋಚಿಸುತ್ತದೆ. ಅಡಿಕೆ, ಕಾಳುಮೆಣಸು ಸಲೀಸಾಗಿ ಮೇಜಿಗೆ ಬರುತ್ತವೆ. ನಮ್ಮ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬುವ ಮೆಣಸಿನ ಬಳ್ಳಿಗೂ ಶ್ರೀಲಂಕಾದ ಒಪ್ಪಂದ ಇದೇ ಪಾಡು ತಂದಿತು, ಅದಕ್ಕೂ ಕೆಜಿಗೆ 500 ರೂಪಾಯಿಯ ಆಮದು ಬೆಲೆಮಿತಿ ಹಾಕಬೇಕಾಯಿತು.

ಭೂತಾನದಿಂದ ನಾವು ಕಲಿಯಬೇಕಾದ್ದು ಇಲ್ಲೇ ಇದೆ. 2007ರಲ್ಲಿ ಅದು ಹಳೆಯ ಒಪ್ಪಂದವನ್ನು ಪರಿಷ್ಕರಿಸಿಕೊಂಡು, ಭಾರತದ ಸಲಹೆಯಂತೆ ನಡೆಯುವ ಮಾತನ್ನು ತೆಗೆಸಿ ಪರಸ್ಪರ ಹಿತಕ್ಕೆ ಸಹಕರಿಸುವ ಮಾತನ್ನು ಸೇರಿಸಿತು. 2015ರಲ್ಲಿ ಬಾಂಗ್ಲಾದೇಶ, ಭಾರತ, ನೇಪಾಳಗಳ ಜೊತೆ ಥಿಂಪುವಿನಲ್ಲೇ ಸಹಿಯಾದ ಮೋಟಾರು ವಾಹನ ಒಪ್ಪಂದವನ್ನು 2016ರಲ್ಲಿ ಅಲ್ಲಿನ ಸಂಸತ್ತಿನ ಮೇಲ್ಮನೆ ತಿರಸ್ಕರಿಸಿತು. ಹೊರಗಿನ ಲಾರಿಗಳು ತಮ್ಮ ರಸ್ತೆ, ಪರಿಸರ, ಜೀವನೋಪಾಯವನ್ನು ಏನು ಮಾಡಿಯಾವು ಎಂಬುದು ಅವರ ಅಳುಕು. ಅಷ್ಟು ಅವಲಂಬಿಸಿದ ದೇಶ 'ಬೇಡ' ಎಂದಿತು, ಆದರೂ ನಂಟು ಮುರಿಯಲಿಲ್ಲ. ಗಟ್ಟಿಯಾದ ಸಂಬಂಧ ಚಿಕ್ಕವರ ತಕರಾರನ್ನು ತಾಳಿಕೊಳ್ಳುತ್ತದೆ. ಭೂತಾನಕ್ಕೆ ತಕರಾರು ಎತ್ತಲು ಒಂದು ಮೇಲ್ಮನೆ ಇದೆ. ದಕ್ಷಿಣ ಕನ್ನಡದ ಬೆಳೆಗಾರನಿಗೆ ಇರುವುದು ಅಧಿಸೂಚನೆ ಬಂದ ಮೇಲೆ ಮನವಿ ಬರೆಯುವ ಅವಕಾಶ ಮಾತ್ರ.

ಮುಂದೇನು

2025ರ ಸೆಪ್ಟೆಂಬರಿನಲ್ಲಿ ಎರಡು ದೇಶಗಳ ನಡುವೆ ಮೊದಲ ರೈಲು ಮಾರ್ಗಗಳ ಘೋಷಣೆಯಾಯಿತು: ಅಸ್ಸಾಮಿನ ಕೊಕ್ರಝಾರ್‌ನಿಂದ ಗೆಲೆಫುವಿಗೆ 69 ಕಿಲೋಮೀಟರ್, ಬಂಗಾಳದ ಬಾನರ್‌ಹಾಟ್‌ನಿಂದ ಸಾಮ್ತ್ಸೆಗೆ 20 ಕಿಲೋಮೀಟರ್, ಒಟ್ಟು ವೆಚ್ಚ ಸುಮಾರು 4,033 ಕೋಟಿ ರೂಪಾಯಿ. ಗೆಲೆಫು ಇರುವುದು ಸರ್ಪಾಂಗ್ ಜಿಲ್ಲೆಯಲ್ಲಿ. ಅಂದರೆ ಎರಡು ಹಳಿಗಳೂ ಮುಟ್ಟುವುದು ಅಡಿಕೆ ಬೆಳೆಯುವ ಜಿಲ್ಲೆಗಳನ್ನೇ. ಸಾಗಣೆ ವೇಗವಾದಂತೆ ಹಸಿ ಕಾಯಿ ದೂರದ ಪೇಟೆಗೂ ತಲುಪಬಲ್ಲದು, ಬೇಗ ಕೊಳೆಯುತ್ತದೆ ಎಂಬ ಸಹಜ ಕಾವಲು ಅಷ್ಟರಮಟ್ಟಿಗೆ ಸಡಿಲವಾಗುತ್ತದೆ. ಆಗ 17,000 ಸಾಲದು, ಇನ್ನಷ್ಟು ಬೇಕು ಎಂಬ ಕೋರಿಕೆ ಬಂದರೆ ಅಚ್ಚರಿಯಿಲ್ಲ.

ಅದಕ್ಕೆ ಮೊದಲೇ ನಾವು ಕೇಳಿಟ್ಟುಕೊಳ್ಳಬೇಕಾದವು ಕೆಲವಿವೆ. ಯಾರಿಗೆ ಎಷ್ಟು ಟನ್ನಿನ ನೋಂದಣಿ ಪತ್ರ ಸಿಕ್ಕಿದೆ, ಎಷ್ಟು ಸರಕು ನಿಜವಾಗಿ ಗಡಿ ದಾಟಿದೆ ಎಂಬುದು ಮೂರು ತಿಂಗಳಿಗೊಮ್ಮೆ ಪ್ರಕಟವಾಗಲಿ, ಗಾಳಿಸುದ್ದಿಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ರಿಯಾಯಿತಿ ಯಾವತ್ತಿಗೂ ಹಸಿ ಕಾಯಿಗೆ ಮಾತ್ರ, ಒಣಗಿದ್ದಕ್ಕೆ, ಬೇಯಿಸಿದ್ದಕ್ಕೆ, ಹುರಿದದ್ದಕ್ಕೆ ಇಲ್ಲ ಎಂದು ಬರಹದಲ್ಲಿ ಬರಲಿ. ಪ್ರಮಾಣ ಏರಿಸುವ ಮಾತು ಬಂದರೆ ಅದು ನಮ್ಮ ಕೊಯ್ಲಿನ ತಿಂಗಳುಗಳನ್ನು ತಪ್ಪಿಸಿ ಬರುವಂತಾಗಲಿ. ಥಿಂಪುವಿನ ಜೊತೆ ಮುಂದಿನ ಬಾರಿ ಅಡಿಕೆಯ ವಿಷಯ ಚರ್ಚೆಗೆ ಬರುವಾಗ ಕ್ಯಾಂಪ್ಕೊದ ಒಬ್ಬ ಪ್ರತಿನಿಧಿಯೂ ವಿಟ್ಲದ ತೋಟದ ಬೆಳೆಗಳ ಸಂಶೋಧನಾ ಕೇಂದ್ರದ ಒಬ್ಬ ವಿಜ್ಞಾನಿಯೂ ಭಾರತದ ನಿಯೋಗದಲ್ಲಿ ಕೂರಬೇಕು. ಸಾಮ್ತ್ಸೆಯ ಬೆಳೆಗಾರರ ಪ್ರತಿನಿಧಿಗಳನ್ನು ಒಮ್ಮೆ ಪುತ್ತೂರಿಗೆ ಕರೆಸಿ, ನಮ್ಮವರೂ ಒಮ್ಮೆ ಅಲ್ಲಿಗೆ ಹೋಗಿ ಬರಲಿ. ಕೊಳೆರೋಗ, ಎಲೆಚುಕ್ಕಿ, ಧಾರಣೆ, ಕೂಲಿಯ ಬಗ್ಗೆ ಅವರ ಬಳಿ ಮಾತಾಡಲು ನಮಗೆ ಬಹಳ ಇದೆ.